ಪತ್ರಿ ಗಿಡದ ಹುಳುಗಳು

ಆಗ ನಮ್ಮ ಮನೆಗೆ ರೈಲೇ ಗಡಿಯಾರ. ತೆಲುಗು ನಾಡಿನ ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನಲ್ಲಿ ಬೆಳಗಿನ ಮೊದಲ ಗಾಡಿಯ ಸದ್ದಾದರೆ ಅವ್ವ ಏಳುತ್ತಿದ್ದಳು, ಹಿತ್ತಿಲ ಪತ್ರಿ ಗಿಡಕ್ಕೆ ನೀರು ಹಾಕಿಯೇ ಒಲೆ ಹಚ್ಚುತ್ತಿದ್ದಳು. ಬಿಲ್ವಕ್ಕೆ ನಮ್ಮ ಕಡೆ ಪತ್ರಿ ಎನ್ನುತ್ತೇವೆ.

ಆ ಶ್ರಾವಣದಲ್ಲಿ ಅಪ್ಪನಿಗೆ ಕಾಮಾಲೆ. ಹಿತ್ತಿಲ ಕಡೆಯ ಕಿಟಕಿಗೆ ಮಂಚ ಹಾಕಿ ಮಲಗಿಸಿದ್ದರು. ಮನೆಯಲ್ಲಿ ಒಗ್ಗರಣೆಯ ವಾಸನೆಯೇ ಇಲ್ಲ; ಎಲ್ಲರಿಗೂ ಸಪ್ಪೆ ಗಂಜಿ, ಮಜ್ಜಿಗೆ. ನಾಲ್ಕು ಸೋಮವಾರ ಇಪ್ಪತ್ತೊಂದು ಪತ್ರಿ ಏರಿಸುತ್ತೇನೆ, ಇವರನ್ನು ಎಬ್ಬಿಸು ಎಂದು ಅವ್ವ ಶಿವನಿಗೆ ಹರಕೆ ಹೊತ್ತಿದ್ದಳು. ಏರಿಸುವ ಪತ್ರಿ ಹರಿದಿರಬಾರದು, ತೂತಿರಬಾರದು.

ಗಿಡ ಕಾಯುವ ಕೆಲಸ ನನ್ನದು. ಎಲೆಗಳ ಮೇಲೆ ಗುಬ್ಬಿಯ ಹಿಕ್ಕೆ ಕಂಡು, ಮೈಲಿಗೆಯಾಯಿತೆಂದು ದಿನಾ ನೀರೆರಚಿದೆ. ಹಿಕ್ಕೆ ಹೋಗಲಿಲ್ಲ, ದಪ್ಪಗಾಯಿತು. ಎರಡನೇ ಸೋಮವಾರ ನೋಡಿದರೆ ಎಲ್ಲವೂ ಹಸಿರು ಹುಳುಗಳು! ಇಡಿಯಾದ ಎಲೆ ಏಳೋ ಎಂಟೋ ಉಳಿದಿದ್ದವು.

ಪಕ್ಕದ ಮನೆಯ ತೆಲುಗಿನ ಆಂಟಿ ಗೋಡೆಯಾಚೆಯಿಂದ, "ಮಂದು ಕೊಟ್ಟಂಡಿ, ಅನ್ನೀ ಚಚ್ಚಿಪೋತಾಯಿ" ಔಷಧಿ ಹೊಡೆಯಿರಿ, ಎಲ್ಲ ಸತ್ತುಹೋಗುತ್ತವೆ ಎಂದು ಹುಳು ಕೊಲ್ಲುವ ಪುಡಿಯ ಡಬ್ಬಿ ಚಾಚಿದರು.

"ಶಿವನ ಗಿಡಕ್ಕ ವಿಷ ಹೊಡೀಲೇನ್ರಿ?" ಎಂದಳು ಅವ್ವ. ಆದರೂ ಡಬ್ಬಿ ಹಿಡಿದು ನಿಂತೇ ಇದ್ದಳು. ಹರಕೆ ತಪ್ಪಿದರೆ ಅಪ್ಪ ಏಳುವುದಿಲ್ಲ ಎಂದು ನಾನು ಅಳತೊಡಗಿದೆ.

ಕಿಟಕಿಯಿಂದ ಅಪ್ಪ, "ಉಣ್ಣಾಕತ್ತಾವ, ಉಣ್ಲಿ ಬಿಡ. ಈ ಮನ್ಯಾಗ ಹೊಟ್ಟಿ ತುಂಬ ಉಣ್ಣವು ಅವಷ್ಟ" ಎಂದ.

ಅವ್ವ ಡಬ್ಬಿ ವಾಪಸು ಕೊಟ್ಟಳು. ಹೋದ ವಾರ ಏರಿಸಿದ್ದ ಪತ್ರಿಯನ್ನೇ ತೊಳೆದು, ಸೆರಗಿನಿಂದ ಒರೆಸಿದಳು. "ಪತ್ರಿಗೆ ನಿರ್ಮಾಲ್ಯ ಇಲ್ಲವ್ವಾ. ತೊಳದು ಮತ್ತ ಏರಿಸಬಹುದು. ನಮ್ಮಂಥವ್ರ ಸಲುವಾಗಿನ ಈ ಸವಲತ್ತು ಇಟ್ಟಾನ ಅವ."

ಉಳಿದ ಮೂರೂ ಸೋಮವಾರ ಅವೇ ಇಪ್ಪತ್ತೊಂದು.

ಹುಳುಗಳು ಗೂಡಾದವು. ಕೊನೆಯ ವಾರ ಅಪ್ಪನ ಕಣ್ಣೆದುರೇ ಬಾಲದ ರೆಕ್ಕೆಯ ಎರಡು ಕಪ್ಪು ಚಿಟ್ಟೆ ಹೊರಬಂದವು. ಒಂದಕ್ಕೆ ಬಿಳಿ ಪಟ್ಟಿ, ಒಂದಕ್ಕೆ ಕೆಂಪು ಚುಕ್ಕೆ. ಎರಡು ಜಾತಿಯೆಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಹೋದೆ. ವಿಜ್ಞಾನದ ಟೀಚರ್ ಅದನ್ನು ಹೊಡೆದುಹಾಕಿ ಹೇಳಿದರು: ಎರಡೂ ಒಂದೇ ಜಾತಿ, ಹೆಸರು ಮಾರ್ಮನ್. ಪಟ್ಟಿಯದು ಗಂಡು, ಚುಕ್ಕೆಯದು ಹೆಣ್ಣು. ಗುಲಾಬಿ ಚಿಟ್ಟೆ ಎಂಬ ಬೇರೆಯದೊಂದಿದೆ. ಅದು ವಿಷವೆಂದು ಹಕ್ಕಿಗಳು ಮುಟ್ಟುವುದಿಲ್ಲ. ಈ ಹೆಣ್ಣು ಅದರ ವೇಷ ಹಾಕಿಕೊಂಡು ಬದುಕುತ್ತದೆ. ಗುಲಾಬಿಯ ಮೈ ಕೆಂಪು, ಇದರದು ಕಪ್ಪು, ಅಷ್ಟೇ ಗುರುತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಅಂದ್ರ ಗಂಡ ಆರಾಮ ಅಡ್ಡಾಡತಾನ, ಪಾಡುಪಡೋದೆಲ್ಲಾ ಹೆಂಡ್ತೀನ ಏನು?" ಎಂದ.

"ಅದಕ್ಕ ಸಾಲೀಗೆ ಹೋಗಬೇಕೇನ್ರಿ? ನನ್ನ ಕೇಳಿದ್ರ ಹೇಳ್ತಿದ್ನಲ್ಲಾ" ಎಂದಳು ಅವ್ವ ಒಳಗಿನಿಂದ.

ಅಪ್ಪ ನಕ್ಕ. ತಿಂಗಳಾದ ಮೇಲೆ ಮೊದಲ ಸಲ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ನೋಡಿದಳು. ಆಮೇಲೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು.

ಇಬ್ಬರೂ ಈಗಿಲ್ಲ. ನಾನಿರುವುದು ಅದೇ ಊರಿನ ಇನ್ನೊಂದು ತುದಿ, ಮಾದಾಪುರದ ಏಳನೇ ಮಹಡಿ. ಮೊಣಕಾಲು ನೋಯುತ್ತದೆ, ಆದರೂ ತೊಳೆದು ಮತ್ತೆ ಏರಿಸಿದ ಪತ್ರಿಯ ಹಾಗೆ ದಿನಾ ಏಳುತ್ತೇನೆ, ಅದೂ ಶಿವನ ಸವಲತ್ತೇ. ಸೋಮವಾರದ ಪತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದಕ್ಕೂ ತೂತಿಲ್ಲ. ಯಾರೂ ಉಂಡಿಲ್ಲ.