ಯುದ್ಧಕಾಲದ ಕ್ಷೇಮ ಸಮಾಚಾರ

ಎರಡು ಸಾವಿರದ ಮೂರನೆಯ ಇಸವಿಯ ಆರಂಭದಲ್ಲಿ ನಾನು ಒಂದು ಸಾಮ್ರಾಜ್ಯವನ್ನು ಆಳುತ್ತಿದ್ದೆ. ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಊರಿನವರ ಪಾಲಿಗೆ ನಾನು ತೋಡಾರಿನಲ್ಲಿ ಬಸ್ಸು ಹತ್ತಿ ಮೂಡಬಿದಿರೆಯ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರ ಕಲಿಸುವ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹುಡುಗಿ. ಎಂ.ಎ. ಪ್ರಬಂಧ ಟೈಪು ಮಾಡಲಿಕ್ಕೆಂದು ಮನೆಗೆ ಬಂದ ಕಂಪ್ಯೂಟರಿನ ಎದುರು ನಾನು ಸಂಜೆಯೆಲ್ಲ ಕೂರುವುದನ್ನು ಕಂಡು ಉಮ್ಮ ನೆಂಟರಲ್ಲಿ, "ಪಾಪ, ಎಷ್ಟು ಕೆಲಸ ಅವಳಿಗೆ" ಎನ್ನುತ್ತಿದ್ದಳು. ಕೆಲಸ ಇದ್ದದ್ದು ನಿಜ. ರಾಜ್ಯಭಾರಕ್ಕಿಂತ ದೊಡ್ಡ ಕೆಲಸ ಯಾವುದು?

ಅದು ನಾಗರಿಕತೆ ಕಟ್ಟುವ ಆಟ. ಗೆಳತಿಯೊಬ್ಬಳು ಕೊಟ್ಟ ಸೀಡಿಯಲ್ಲಿ ಬಂದದ್ದು. ಒಂದು ಹಳ್ಳಿಯಿಂದ ಶುರು ಮಾಡಿ, ಹೊಲ ಉತ್ತು, ರಸ್ತೆ ಹಾಕಿ, ನಗರಗಳನ್ನು ಬೆಳೆಸಬೇಕು. ಪ್ರತಿ ನಗರದ ಕೆಳಗೆ ಅಲ್ಲಿನ ಪ್ರಜೆಗಳ ಪುಟ್ಟ ಮುಖಗಳು ಸಾಲಾಗಿ ಕಾಣುತ್ತವೆ. ಕೆಲವು ನಗುವವು, ಕೆಲವು ಸುಮ್ಮನಿರುವವು, ಕೆಲವು ಹುಬ್ಬು ಗಂಟಿಕ್ಕಿದವು. ಗಂಟಿಕ್ಕಿದ ಮುಖಗಳು ನಗುವವನ್ನು ಮೀರಿದರೆ ನಗರದಲ್ಲಿ ದಂಗೆ ಏಳುತ್ತದೆ, ಕೆಲಸ ನಿಲ್ಲುತ್ತದೆ. ಅವರನ್ನು ನಗಿಸಲಿಕ್ಕೆ ದೇವಾಲಯ ಕಟ್ಟಬೇಕು, ದೂರದ ದೇಶಗಳಿಂದ ರೇಷ್ಮೆ, ಸಾಂಬಾರ ಪದಾರ್ಥ, ಸುಗಂಧ ತರಿಸಬೇಕು. ದ್ರಾಕ್ಷಿಯ ಮದ್ಯವನ್ನೂ ತರಿಸಬಹುದಿತ್ತು. ನಾನು ತರಿಸಲಿಲ್ಲ. ನನ್ನ ಪ್ರಜೆಗಳು ತಮ್ಮ ಪಾಲಿಗೆ ಬರಬೇಕಿದ್ದ ಒಂದು ನಗೆಯನ್ನು ಹಾಗೆ ಕಳೆದುಕೊಂಡರು.

ನಾನು ತರಗತಿಯಲ್ಲಿ ಕಲಿಸುತ್ತಿದ್ದುದು ಬೇರೆಯೇ. ಸುಖವನ್ನು ಅಳೆಯಲು ಆಗುವುದಿಲ್ಲ, ಹೆಚ್ಚೆಂದರೆ ಇದಕ್ಕಿಂತ ಅದು ಮೇಲು ಎನ್ನಬಹುದು ಎಂದು ಬೋರ್ಡಿನ ಮೇಲೆ ವಕ್ರರೇಖೆ ಎಳೆದು ಹೇಳುತ್ತಿದ್ದೆ. ಮನೆಗೆ ಬಂದು ಮುಖ ಎಣಿಸುತ್ತಿದ್ದೆ.

ಒಂದು ದಿನ ಸಮುದ್ರದಾಚೆಯ ಮಿತ್ರರಾಜನ ಮಾತಿಗೆ ಕಟ್ಟುಬಿದ್ದು ನಾನು ಯುದ್ಧಕ್ಕೆ ಸೈನ್ಯ ಕಳಿಸಿದೆ. ಯುದ್ಧ ಎಲ್ಲೋ ದೂರ. ನಮ್ಮ ಹೊಲಗಳಲ್ಲಿ ಬೆಳೆ ಇತ್ತು, ಸಂತೆಯಲ್ಲಿ ಸುಗಂಧ ಇತ್ತು, ಒಂದು ಬಾಣವೂ ಇತ್ತ ಬಿದ್ದಿರಲಿಲ್ಲ. ಆದರೂ ಮುಖಗಳು ಒಂದೊಂದಾಗಿ ಗಂಟಿಕ್ಕತೊಡಗಿದವು. ಯುದ್ಧ ಎಳೆದಷ್ಟೂ ಹೆಚ್ಚಾದವು. ಇನ್ನೊಂದು ಉಪಾಯವೂ ಆಟದಲ್ಲಿ ಉಂಟು: ಹೊಲದಲ್ಲಿ ದುಡಿಯುವವರನ್ನು ತಂದು ವಿದೂಷಕರನ್ನಾಗಿ ಮಾಡುವುದು. ಅವರು ಕುಣಿದು ಉಳಿದವರನ್ನು ಸಮಾಧಾನಪಡಿಸುತ್ತಾರೆ. ಹೊಲ ಮಾತ್ರ ಹಾಳು ಬೀಳುತ್ತದೆ. ಅದನ್ನೂ ಮಾಡಿದೆ. ಮುಖಗಳು ನನ್ನನ್ನು ನೋಡುವುದನ್ನು ಬಿಡಲಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ನನಗೆ ನಿದ್ದೆ ಬಾರದಿದ್ದುದಕ್ಕೆ ಕಾರಣ ಆಟವಲ್ಲ. ನನ್ನ ತಂದೆ, ಬಾಪ, ಕುವೈತಿನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಇದ್ದರು. ಪಕ್ಕದ ಇರಾಕಿನ ಮೇಲೆ ಯುದ್ಧ ಇಂದೋ ನಾಳೆಯೋ ಎಂದು ಟಿವಿ ದಿನವೂ ಹೇಳುತ್ತಿತ್ತು. ಹಿಂದಿನ ಸಲ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಕುವೈತಿಗೇ ಇರಾಕಿನ ಸೈನ್ಯ ನುಗ್ಗಿ, ಬಾಪ ಮರಳುಗಾಡು ದಾಟಿ ಒಂದು ಕೈಚೀಲದೊಂದಿಗೆ ಮನೆಗೆ ಬಂದಿದ್ದರು. ಅದಕ್ಕೆ ಮೊದಲು ಎಷ್ಟೋ ವಾರ ಸುದ್ದಿಯೇ ಇರಲಿಲ್ಲ. ಕೇಳಿದವರಿಗೆಲ್ಲ ಉಮ್ಮ, "ಸುದ್ದಿ ಬಂದಿದೆ, ಚೆನ್ನಾಗಿದ್ದಾರೆ" ಎನ್ನುತ್ತಿದ್ದಳು. ಬಂದ ಸುದ್ದಿ ಯಾವುದೆಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ಗಲ್ಫಿನ ಮನೆಗಳಲ್ಲಿ ಒಂದು ನಿಯಮ ಉಂಟು. ಯಾರೂ ಬರೆದಿಟ್ಟದ್ದಲ್ಲ, ಎಲ್ಲರೂ ಪಾಲಿಸುವುದು: ಫೋನಿನಲ್ಲಿ ಬೇಸರದ ಮಾತು ಆಡಬಾರದು. ದೂರ ಇರುವವರು ಕೇಳಿ ಏನು ಮಾಡಲಿಕ್ಕಾಗುತ್ತದೆ? ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು ಬಾಪನಿಗೆ ಗೊತ್ತಾದದ್ದು ಅಜ್ಜಿ ಕೋಲು ಹಿಡಿದು ನಡೆಯತೊಡಗಿದ ಮೇಲೆ. ಬಾಪನಿಗೆ ಹೊಟ್ಟೆಯ ಆಪರೇಷನ್ ಆದದ್ದು ನಮಗೆ ಗೊತ್ತಾದದ್ದು ರಜೆಯಲ್ಲಿ ಬಂದವರು ಸ್ನಾನಕ್ಕೆಂದು ಅಂಗಿ ಕಳಚಿದಾಗ. ಶುಕ್ರವಾರ ಅಲ್ಲಿ ರಜೆ. ಜುಮಾ ನಮಾಜು ಮುಗಿದ ಮೇಲೆ ಫೋನು ಬರುತ್ತಿತ್ತು. "ಅಲ್ಲಿ ಹೇಗೆ?" "ಸುಖ. ಅಲ್ಲಿ?" "ಸುಖ." ನಮ್ಮ ಹಳೆಯ ಶಾಸನಗಳಲ್ಲಿ ರಾಜರು ಸುಖಸಂಕಥಾವಿನೋದದಿಂದ ಆಳುತ್ತಿದ್ದರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುಂದಿನ ಸಾಲಿನಲ್ಲೇ ಯಾರೋ ಯಾವುದೋ ಕಾಳಗದಲ್ಲಿ ಸತ್ತಿರುತ್ತಾನೆ. ವಿದ್ಯಾರ್ಥಿನಿಯಾಗಿದ್ದಾಗ ಇದನ್ನು ಓದಿ ನಕ್ಕಿದ್ದೆ. ನಮ್ಮ ಶುಕ್ರವಾರದ ಫೋನೂ ಅದೇ ಸುಖಸಂಕಥೆ ಎಂದು ಹೊಳೆದದ್ದು ಆ ವರ್ಷ.

ಯುದ್ಧ ಹತ್ತಿರ ಬಂದ ಆ ವಾರ ಉಮ್ಮ ಬಹಳ ನಗುತ್ತಿದ್ದಳು. ಪಕ್ಕದ ಮನೆಯ ಕಮಲಕ್ಕ ಬೇಲಿಯಾಚೆಯಿಂದ, "ಎಂತ ಐಸಮ್ಮ, ಕುವೈತಿನಲ್ಲಿ ವಿಷಗಾಳಿಗೆ ಅಂತ ಮುಖಕ್ಕೆ ಹಾಕುವ ಮಾಸ್ಕ್ ಹಂಚ್ತಿದ್ದಾರಂತೆ? ನಿಮ್ಮವರು ಎಂತ ಹೇಳಿದ್ರು?" ಎಂದು ಕೇಳಿದರು.

"ಟಿವಿಯವರಿಗೆ ಬೇರೆ ಕೆಲಸ ಇಲ್ಲ ಕಮಲಕ್ಕ. ಇವರ ಗೊರಕೆಗೆ ರೂಮಿನವರು ಕಿವಿಗೆ ಹಾಕ್ಲಿಕ್ಕೆ ಎಂತಾದ್ರೂ ಹಂಚಿದ್ರೆ ಪುಣ್ಯ!"

ಕಮಲಕ್ಕ ನಕ್ಕರು, ಉಮ್ಮ ಅವರಿಗಿಂತ ಜೋರಾಗಿ ನಕ್ಕಳು. ಕಮಲಕ್ಕ ಒಳಗೆ ಹೋದ ಮೇಲೂ ಉಮ್ಮ ಬೇಲಿಯ ಹತ್ತಿರವೇ ನಿಂತಿದ್ದಳು, ಖಾಲಿ ಕೊಡ ಹಿಡಿದು. ಊಟಕ್ಕೆ ಕೂತರೆ ಅನ್ನವನ್ನು ಬಟ್ಟಲಿನ ಈ ಬದಿಯಿಂದ ಆ ಬದಿಗೆ ಸರಿಸಿ ಏಳುತ್ತಿದ್ದಳು. ನಾನು ಪತ್ರಿಕೆಯ ಮೊದಲ ಪುಟವನ್ನು ಒಳಗೆ ಮಡಚಿಡುತ್ತಿದ್ದೆ, ವಾರ್ತೆಯ ಹೊತ್ತಿಗೆ ಧಾರಾವಾಹಿಗೆ ತಿರುಗಿಸುತ್ತಿದ್ದೆ, ಕಾಲೇಜಿನ ತಮಾಷೆಗಳನ್ನು ಹುಟ್ಟಿಸಿ ಹೇಳುತ್ತಿದ್ದೆ. ಮಾತೇ ಆಡದ ನಾನು! ಹೊಲ ಬಿಡಿಸಿ ವಿದೂಷಕರನ್ನಾಗಿ ಮಾಡಿದ ಪ್ರಜೆಗಳ ನೆನಪಾಗುತ್ತಿತ್ತು. ಉಮ್ಮ ನನಗಾಗಿ ನಗುತ್ತಿದ್ದಳು, ನಾನು ಉಮ್ಮನಿಗಾಗಿ. ದುಡಿಯುವವರು ಯಾರೂ ಉಳಿದಿರಲಿಲ್ಲ.

ಶುಕ್ರವಾರ ಫೋನು ಬಂತು. ಉಮ್ಮ ಸುಖ ಎಂದಳು, ಅಲ್ಲಿಯೂ ಸುಖ ಎಂದು ಕೇಳಿಸಿಕೊಂಡಳು, ನನ್ನ ಕೈಗೆ ಕೊಟ್ಟಳು. ಬಾಪನ ಸ್ವರ ತಗ್ಗಿತ್ತು.

"ನೋಡು ಮಗಳೇ, ಹೋಗುವವರು ಈ ವಾರವೇ ಹೋಗಿ ಅಂತ ಅಂಗಡಿಯವರು ಹೇಳ್ತಿದ್ದಾರೆ. ಮತ್ತೆ ವಿಮಾನ ಉಂಟೋ ಇಲ್ವೋ. ಆದರೆ ಹೋದವರಿಗೆ ಕೆಲಸ ಇಟ್ಟುಕೊಳ್ಳುವುದಿಲ್ಲ. ನೀನು ಕಲಿತವಳು, ಸರಿ ಹೇಳು. ಉಮ್ಮ ಧೈರ್ಯದಲ್ಲಿ ಇದ್ದಾಳಾ? ಅವಳು ಖುಷಿಯಲ್ಲಿದ್ರೆ ನಾನು ಇಲ್ಲೇ ಇರ್ತೇನೆ."

ಉಮ್ಮ ನನ್ನ ಎದುರೇ ನಿಂತಿದ್ದಳು. ಪ್ರಶ್ನೆ ಕೇಳಿಸದಿದ್ದರೂ ಏನೆಂದು ಅವಳಿಗೆ ಗೊತ್ತಿತ್ತು. ಕೈಯಾಡಿಸಿ, ತಲೆಯಾಡಿಸಿ, ಹಲ್ಲು ಕಾಣುವಷ್ಟು ನಗುತ್ತ, ಚೆನ್ನಾಗಿದ್ದೇನೆ ಅಂತ ಹೇಳು, ಹೇಳು ಎಂದು ಸನ್ನೆ ಮಾಡುತ್ತಿದ್ದಳು. ನನ್ನ ಬಾಯಲ್ಲಿ ಸುಖ ಎಂಬ ಪದ ಸಿದ್ಧವಾಗಿಯೇ ಇತ್ತು. ಅದನ್ನು ಹೇಳಿ, ಮುಂದಿನ ವಾರ ಅಲ್ಲಿ ಬಾಂಬು ಬಿದ್ದರೆ? ಹೇಳದೆ, ಬಾಪ ಕೆಲಸ ಬಿಟ್ಟು ಬಂದು, ಅಲ್ಲಿ ಏನೂ ಆಗದೇ ಹೋದರೆ? ಇಡೀ ಸಾಮ್ರಾಜ್ಯ ಆಳಿದವಳಿಗೆ ಎದುರಿನ ಒಂದು ಮುಖದ ವರದಿ ಕೊಡುವುದು ಕಷ್ಟವಾಯಿತು. ನನ್ನ ಆಟದ ಪ್ರಜೆಗಳ ಒಂದು ದೊಡ್ಡ ಗುಣ ಆಗ ಅರ್ಥವಾಯಿತು: ಅವರು ಅರಸನ ಮನಸ್ಸು ನೋಯುತ್ತದೆಂದು ನಗುವವರಲ್ಲ. ಯುದ್ಧ ಬೇಸರವಾದರೆ ಬೇಸರವೆಂದೇ ತೋರಿಸುತ್ತಾರೆ. ಹಾಗಾಗಿ ಅರಸನಿಗೆ ಸಂಧಿ ಮಾಡುವ ಬುದ್ಧಿ ಬರುತ್ತದೆ.

"ನಗ್ತಾ ಇದ್ದಾಳೆ ಬಾಪ" ಎಂದೆ. "ಒಂದು ವಾರದಿಂದ ಹೀಗೇ ನಗ್ತಾ ಇದ್ದಾಳೆ. ಊಟ ಮಾಡುವುದಿಲ್ಲ. ನನಗೂ ಹೆದರಿಕೆ ಆಗ್ತದೆ. ನೀವು ಬನ್ನಿ."

ಉಮ್ಮ ಫೋನು ಕಸಿದುಕೊಂಡಳು. "ಇವಳಿಗೆ ತಲೆ ಸರಿ ಇಲ್ಲ, ಓದಿ ಓದಿ ಹೀಗೆ ಆಗಿದ್ದು. ನೀವು ಕೆಲಸ ನೋಡಿ, ನಮಗೆ ಇಲ್ಲಿ ಎಂತದೂ..." ಎಂದವಳು ಅಲ್ಲಿಗೇ ನಿಂತಳು. ಆಮೇಲೆ ಉಮ್ಮ ಗೋಡೆಯ ಕಡೆ ತಿರುಗಿ, ನನಗೆ ಕೇಳಿಸಬಾರದೆಂಬಷ್ಟು ಮೆಲ್ಲನೆ, "ಬರುವಾಗ ಎಂತದೂ ತರುವುದು ಬೇಡ" ಎಂದಳು.

ಬಾಪ ಬಂದರು. ನಿಜವಾಗಿಯೂ ಏನೂ ತಂದಿರಲಿಲ್ಲ. ಅವರು ಬಂದ ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು, ನಾವು ಮೂವರೂ ಟಿವಿಯ ಎದುರು ಕೂತು ನೋಡಿದೆವು. ಅವರ ಅಂಗಡಿಗೆ ಏನೂ ಆಗಲಿಲ್ಲ. ಉಳಿದವರು ಉಳಿದರು, ಬಾಪನ ಜಾಗಕ್ಕೆ ಬೇರೆಯವರು ಬಂದರು. ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂಬ ಚಿಂತೆ ನನ್ನನ್ನು ಆ ಬೇಸಗೆಯಿಡೀ ಬಿಡಲಿಲ್ಲ. ಆಟದಲ್ಲಿಯಾದರೆ ಹಿಂದಿನ ಸ್ಥಿತಿಗೆ ಹೋಗಿ ಇನ್ನೊಂದು ದಾರಿ ಹಿಡಿದು ನೋಡಬಹುದು. ಅಲ್ಲಿ ಒಂದು ನಗರ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡೆ. ಇಲ್ಲಿ ಮೂಡಬಿದಿರೆಯಲ್ಲಿ ಬಾಪ ಯಾರದೋ ಅಂಗಡಿಗೆ ಪಾಲುದಾರರಾಗುವ ಮಾತು ನಡೆಯುತ್ತಿತ್ತು, ಮುಗಿಯುತ್ತಿರಲಿಲ್ಲ.

ಹಾಗಿದ್ದ ಒಂದು ಬೆಳಗ್ಗೆ ಬಾಪ ಪೇಟೆಗೆ ಹೋಗಿ ತಾವೇ ಬಂಗುಡೆ ತಂದರು. ಉಮ್ಮ ಒಂದು ಮೀನಿನ ಕಿವಿರು ಎತ್ತಿ ನೋಡಿದಳು. ಹುಬ್ಬು ಗಂಟಾಯಿತು.

"ಇದು ಯಾವ ಕಾಲದ ಬಂಗುಡೆ? ಕಣ್ಣು ನೋಡಿದ್ರಾ ನೀವು? ಮೀನಿನವನು ನಿಮ್ಮ ಕಣ್ಣು ನೋಡಿಯೇ ಕೊಟ್ಟಿದ್ದಾನೆ! ಬೆಕ್ಕಿಗೆ ಹಾಕಿದ್ರೆ ಬೆಕ್ಕು ಬೇರೆ ಮನೆ ನೋಡ್ತದೆ. ಯಾರು ಹೇಳಿದ್ದು ನಿಮಗೆ ಹೋಗ್ಲಿಕ್ಕೆ?"

ಬಾಪ ಮೆಲ್ಲನೆ ಜಗಲಿಗೆ ಬಂದು, ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನ ಪಕ್ಕ ಕೂತರು. ಒಳಗೆ ಪಾತ್ರೆಗಳು ಸದ್ದು ಮಾಡುತ್ತಿದ್ದವು, ಮೀನಿನವನ ಹಿರಿಯರವರೆಗೆ ವಿಚಾರಣೆ ಹೋಗಿತ್ತು. ಬಾಪ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಅಲ್ಲ ಮಗಳೇ, ಉಮ್ಮ ಖುಷಿಯಲ್ಲಿ ಇದ್ದಾಳಲ್ಲ?"

"ತುಂಬಾ ಖುಷಿಯಲ್ಲಿದ್ದಾಳೆ ಬಾಪ" ಎಂದೆ. ಈ ಸಲ ನಾನು ಯೋಚಿಸಬೇಕಾಗಲಿಲ್ಲ.