ಮಾಸ್ತರು ನೋಡದ ಕೋಟೆ

ಮಾಸ್ತರ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕವರಿದ್ದಾಗ ಕಬಡ್ಡಿ ಆಡುತ್ತ ಮುರಿದುಕೊಂಡದ್ದಂತೆ. ಆ ಬೆರಳನ್ನು ನಾವು ಬರೆದ ಸಾಲಿನ ಕೆಳಗಿಟ್ಟು ಮೆಲ್ಲಗೆ ಸರಿಸುತ್ತ ಓದುತ್ತಿದ್ದರು. ಬೆರಳು ನಿಂತಿತು ಅಂದರೆ ಅಲ್ಲಿ ತಪ್ಪಿದೆ ಎಂದು ಅರ್ಥ. ಏನು ತಪ್ಪು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾವೇ ಕಂಡುಹಿಡಿಯುವ ತನಕ ಬೆರಳು ಅಲ್ಲಿಂದ ಕದಲುತ್ತಿರಲಿಲ್ಲ.

ಆಗ ನಾವು ಸಿಡ್ನಿಯ ಟೂಂಗಾಬಿಯಲ್ಲಿ ಬಾಡಿಗೆಗಿದ್ದೆವು. ಅಲ್ಲಿನ ಕಮ್ಯುನಿಟಿ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಯುತ್ತಿತ್ತು. ಮಾಸ್ತರು ಧಾರವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಆ ಮನೆಯ ಹಿಂದೆ ಕಟ್ಟಿದ ಪುಟ್ಟ ಗ್ರ್ಯಾನಿ ಫ್ಲ್ಯಾಟ್‌ನಲ್ಲಿ ಇರುತ್ತಿದ್ದರು. ನಾನು ಆರು ವರ್ಷದ ಮಗಳನ್ನು ಕ್ಲಾಸಿಗೆ ಬಿಟ್ಟು, ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡುತ್ತಿದ್ದೆ. ಒಂದು ಭಾನುವಾರ ಮಾಸ್ತರು ನನ್ನ ಮುಂದೆ ಬಂದು ನಿಂತರು.

"ನೀ ಯಾಕ ಬರೀವಲ್ಲಿ?"

"ನಂಗೆ ಬರೆಯೋಕೆ ಸರಿಯಾಗಿ ಬರಲ್ಲ ಅಂಕಲ್. ಇಂಗ್ಲಿಷ್ ಮೀಡಿಯಂ."

"ಹಂಗಾರ ಮುಂದ ಬಂದು ಕುಂದ್ರು. ಮತ್ತ ಅಂಕಲ್ ಅನಬ್ಯಾಡ, ಮಾಸ್ತರ್ ಅನ್ನು."

ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತು ನಾನು ಒತ್ತಕ್ಷರ ಕಲಿತೆ. ನನ್ನ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿದ್ದವು. ಮಕ್ಕಳು ನಕ್ಕರು, ಮಾಸ್ತರು ನಗಲಿಲ್ಲ. ಆರು ತಿಂಗಳಾದ ಮೇಲೆ ಅಮ್ಮನಿಗೆ ಕನ್ನಡದಲ್ಲಿ ಒಂದು ಕಾಗದ ಬರೆಸಿದರು. ಅದು ಬೆಂಗಳೂರು ತಲುಪಿದ ದಿನ ಅಮ್ಮ ಫೋನ್ ಮಾಡಿ, "ನೀನೇ ಬರೆದಿದ್ದಾ? ಯಾರಾದ್ರೂ ಹೇಳಿ ಬರೆಸಿದ್ರಾ?" ಎಂದು ಮೂರು ಸಲ ಕೇಳಿದಳು.

ಅಕ್ಷರ ಬಂದ ಮೇಲೆ ಪ್ರಬಂಧ. ಮಾಸ್ತರಿಗೆ 'ಸುಂದರ' ಅನ್ನುವ ಪದ ಕಂಡರೆ ಆಗುತ್ತಿರಲಿಲ್ಲ. "ಸುಂದರ ಇತ್ತು ಅಂದ್ರ ನನಗೇನೂ ಕಾಣಸೂದಿಲ್ಲ ತಂಗಿ. ಕೈಗೆ ಏನ್ ಹತ್ತಿತು, ಅದನ್ನ ಬರಿ" ಎನ್ನುತ್ತಿದ್ದರು. ಮಕ್ಕಳಿಗೂ ಅದೇ ಮಾತು, ನನಗೂ ಅದೇ. ನಾನು ಬರೆದದ್ದನ್ನು ಆಗ ಓದುತ್ತಿದ್ದವರು ಅವರೊಬ್ಬರೇ.

ಆ ವರ್ಷ ನನಗೆ ಗರ್ಭಪಾತವಾಯಿತು. ಹನ್ನೊಂದನೇ ವಾರ. ಗಂಡ ಆಸ್ಪತ್ರೆಯಿಂದ ಕಾರಿನಲ್ಲಿ ಕರೆತರುವಾಗಲೇ, "ಇನ್ನು ಇದರ ಬಗ್ಗೆ ಮಾತಾಡೋದು ಬೇಡ, ಪ್ಲೀಸ್" ಅಂದ. ನಾನೂ ಸುಮ್ಮನಾದೆ. ಎರಡು ತಿಂಗಳ ಬಳಿಕ ಆಫೀಸಿನವರು ಮೂರು ವಾರಕ್ಕೆ ಫಿಲಿಪ್ಪೀನ್ಸ್‌ನ ಸೆಬುಗೆ ಕಳಿಸಿದರು. ನಮ್ಮ ಸಪೋರ್ಟ್ ಟೀಮ್ ಅಲ್ಲಿತ್ತು. ಹೊರಡುವ ಮುಂಚೆ ಮಾಸ್ತರು, "ಅಲ್ಲಿ ಏನರ ಹಳೇದು ಇದ್ದರ ನೋಡಿ ಬರಕೊಂಡು ಬಾ" ಅಂದರು.

ಸೆಬುವಿನಲ್ಲಿ ಸ್ಪೇನಿನವರು ಕಟ್ಟಿದ ಕೋಟೆಯಿದೆ. ಒಂದು ಶನಿವಾರ ಬೆಳಿಗ್ಗೆ ಒಬ್ಬಳೇ ಹೋದೆ. ಕೋಟೆ ಅಂದರೆ ನನಗೆ ಚಿತ್ರದುರ್ಗ. ಇದು ನೋಡಿದರೆ ನಮ್ಮ ಸ್ಕೂಲಿನ ಗ್ರೌಂಡಿನಷ್ಟೂ ಇಲ್ಲ. ಮೂರೇ ಮೂಲೆ. ಎರಡು ಗೋಡೆ ಸಮುದ್ರದ ಕಡೆಗೆ, ಒಂದು ಊರಿನ ಕಡೆಗೆ. ಈಗ ಸಮುದ್ರವೂ ಪಕ್ಕದಲ್ಲಿಲ್ಲ, ನಡುವೆ ರಸ್ತೆಯೂ ಹಡಗುಕಟ್ಟೆಯೂ ಬಂದಿವೆ. ಒಳಗೆ ಹೂವಿನ ತೋಟ. ಯಾವುದೋ ಮದುವೆ ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು, ಹುಡುಗಿಯ ಉದ್ದ ಬಟ್ಟೆಯನ್ನು ಅವಳ ಅಮ್ಮ ಮಣ್ಣು ತಾಗದಂತೆ ಎತ್ತಿ ಹಿಡಿದಿದ್ದಳು. ನಾನು ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಹೋದೆ. ಟಿಕೆಟ್ ಕೊಟ್ಟ ಹೆಂಗಸು, ಗೋಡೆ ಹವಳದ ಕಲ್ಲಿನದು ಎಂದು ಹೇಳಿದ್ದಳು. ಅಂಗೈ ಇಟ್ಟೆ. ಬಿಸಿಯಾಗಿತ್ತು, ಮೈತುಂಬ ಸಣ್ಣ ಸಣ್ಣ ತೂತು. ಕೈ ತೆಗೆಯಲು ಆಗಲೇ ಇಲ್ಲ. ಅಲ್ಲೇ ನಿಂತು ಅತ್ತೆ.

ಹೋಟೆಲಿಗೆ ಬಂದು ಎಂಟು ಪುಟ ಬರೆದೆ. ಅದರಲ್ಲಿ ಈ ಸಾಲುಗಳಿದ್ದವು: "ಈ ಒಂದೊಂದು ತೂತಿನಲ್ಲೂ ಒಂದು ಕಾಲಕ್ಕೆ ಒಂದು ಜೀವ ಇತ್ತಂತೆ. ನನ್ನೊಳಗೂ ಹನ್ನೊಂದು ವಾರ ಒಂದು ಜೀವ ಇತ್ತು. ಈಗ ಅದು ಇದ್ದ ಜಾಗ ಮಾತ್ರ ಇದೆ."

ಸಿಡ್ನಿಗೆ ಮರಳಿದ ಮೇಲೆ ಆ ಹಾಳೆಗಳನ್ನು ಮಾಸ್ತರ ಕೈಗೆ ಕೊಟ್ಟೆ. ನನ್ನೆದುರಿಗೇ ಓದಿದರು. ಆ ಸಾಲುಗಳ ಹತ್ತಿರ ಬೆರಳು ನಿಂತಿತು. ನಾನು ತಪ್ಪು ಹುಡುಕಿದೆ, ಸಿಗಲಿಲ್ಲ. "ತಪ್ಪಿಲ್ಲ ತಂಗಿ. ಇವು ನನ್ನ ಹಂತ್ಯಾಕ ಇರಲಿ, ಇನ್ನೊಮ್ಮೆ ಓದತೀನಿ" ಅಂದರು. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ. ಅವರೊಬ್ಬರಿಗಾದರೂ ಹೇಳಿದೆನಲ್ಲ ಎಂದು ಮನಸ್ಸು ಹಗುರಾಗಿತ್ತು.

ಮುಂದಿನ ವರ್ಷ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಮನೆ ಕೊಂಡು ಅಲ್ಲಿಗೆ ಹೋದೆವು. ನವೆಂಬರ್‌ನಲ್ಲಿ ಸಿಡ್ನಿಯ ಗೆಳತಿಯೊಬ್ಬಳು ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಪುಟಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ನಿಮ್ಮ ಮಾಸ್ತರ್ ಆರ್ಟಿಕಲ್ ನೋಡಿ, ಸಖತ್ತಾಗಿದೆ, ಸ್ಟೇಜ್ ಮೇಲೆ ಓದಿದಾಗ ಎಲ್ಲರೂ ಅತ್ತುಬಿಟ್ರು" ಎಂದು ಬರೆದಿದ್ದಳು. ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಕೂತು ಓದಿದೆ. ಮೂರು ಮೂಲೆಯ ಕೋಟೆ. ಬಟ್ಟೆ ಎತ್ತಿ ಹಿಡಿದ ಅಮ್ಮ. ಬಿಸಿ ಕಲ್ಲು. ಕೆಳಗೆ ಮಾಸ್ತರ ಹೆಸರು, ಫೋಟೋ. ಆ ಸಾಲು ಹೀಗಾಗಿತ್ತು: "ನನ್ನ ಮನೆಯೊಳಗೂ ನಲವತ್ತೊಂದು ವರ್ಷ ಒಂದು ಜೀವ ಇತ್ತು. ಈಗ ಅದು ಇದ್ದ ಜಾಗ ಮಾತ್ರ ಇದೆ."

ಮೂರೇ ಪದ ಬದಲಾಯಿಸಿದ್ದರು. ನನ್ನ ಮಗುವನ್ನು ತೆಗೆದು ಅಲ್ಲಿ ತಮ್ಮ ಹೆಂಡತಿಯನ್ನು ಇಟ್ಟಿದ್ದರು. 

ಫೋನ್ ಮಾಡಿದೆ. ಎತ್ತಲಿಲ್ಲ. ಒಂದು ವಾರ ದಿನಾ ಮಾಡಿದೆ. ಕೊನೆಗೆ ಆಫೀಸಿನ ಕೆಲಸದ ನೆಪ ಹೇಳಿ ಸಿಡ್ನಿಗೆ ಹೋದೆ. ಮಾಸ್ತರು ಗ್ರ್ಯಾನಿ ಫ್ಲ್ಯಾಟ್‌ನ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ನಿಂತೇ ಕೇಳಿದೆ.

"ಸೆಬುಗೆ ಯಾವಾಗ ಹೋಗಿದ್ರಿ ಮಾಸ್ತರ್?"

"ನಾ ಎಲ್ಲಿ ಹೋಗಲಿವಾ." ತಲೆ ಎತ್ತಲಿಲ್ಲ.

"ಅದು ನಂದು."

"ಹೌದು, ನಿಂದ. ನೀ ಅದನ್ನ ಅಚ್ಚು ಹಾಕಸ್ತಿದ್ದಿಲ್ಲ. ಎಲ್ಲ್ಯೋ ಇಟ್ಟು ಮರೀತಿದ್ದಿ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಅಷ್ಟು ಸಲೀಸಾಗಿ ಹೇಳಿದರು. ಆಮೇಲೆ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು, "ಮೂವತ್ತೈದು ವರ್ಷ ಮಂದಿ ಬರದದ್ದು ತಿದ್ದೀನಿ. ನಂದು ಅಂತ ಒಂದು ಸಾಲು ಅಚ್ಚಾಗಿದ್ದಿಲ್ಲ. ಆಕಿ ಹೋದ ಮ್ಯಾಲೆ ಆಕಿ ಬಗ್ಗೆ ಬರೀಬೇಕಂತ ಎಷ್ಟು ಸಲ ಕುಂತೆ, ಬರಲಿಲ್ಲ. ನಿಂದು ಓದಿದಾಗ, ಇದು ನಂದ ಅನಿಸ್ತು" ಅಂದರು.

"ಅದು ನನ್ನ ಮಗು, ಮಾಸ್ತರ್."

 "ಚಹಾ ಮಾಡ್ಲೇನು?" ಎಂದು ಅವರು ಎದ್ದರು. ತಪ್ಪಾಯಿತು ಎನ್ನುತ್ತಾರೇನೋ ಎಂದು ನೀರು ಕುದಿಯುವ ತನಕ ನಿಂತಿದ್ದೆ. ಅನ್ನಲಿಲ್ಲ. ಚಹಾ ಕುಡಿಯದೆ ಬಂದೆ. ನನ್ನ ಎಂಟು ಹಾಳೆಗಳನ್ನು ವಾಪಸ್ ಕೇಳಲೂ ನೆನಪಾಗಲಿಲ್ಲ.

ಆಮೇಲೆ ಎರಡು ವರ್ಷ ನಮ್ಮ ನಡುವೆ ಮಾತಿಲ್ಲ. ನಾನು ಕನ್ನಡದಲ್ಲಿ ಏನನ್ನೂ ಬರೆಯಲಿಲ್ಲ. ಅಮ್ಮ ಕಾಗದ ಕೇಳಿದರೆ ಟೈಮಿಲ್ಲ ಅನ್ನುತ್ತಿದ್ದೆ.

ಕಳೆದ ಮಾರ್ಚ್‌ನಲ್ಲಿ ಮಾಸ್ತರ ಮಗಳು ಫೋನ್ ಮಾಡಿದರು. ಮಾಸ್ತರಿಗೆ ಮಲಗಿದ್ದಲ್ಲೇ ಹೃದಯಾಘಾತವಾಗಿತ್ತು. ಭಾನುವಾರ ಅದೇ ಹಾಲ್‌ನಲ್ಲಿ ಶ್ರದ್ಧಾಂಜಲಿ. "ಅಪ್ಪ ಬರದ ಕೋಟೆ ಲೇಖನ ಯಾರರ ಓದಬೇಕ್ರಿ. ನೀವ ಓದ್ರಿ, ಅಪ್ಪಗ ನಿಮ್ಮ ಮ್ಯಾಲೆ ಭಾಳ ಅಭಿಮಾನ ಇತ್ತು" ಅಂದರು.

ಹೇಳಿಬಿಡಬೇಕು ಅಂದುಕೊಂಡೆ. "ಅವರು ಆ ಕೋಟೆ ನೋಡೇ ಇಲ್ಲ" ಎಂದು ಶುರು ಮಾಡಿದೆ.

"ಗೊತ್ತೈತ್ರಿ. ಫೋಟೋ ನೋಡಿ ಬರದೆ ಅಂತ ಅವರ ಹೇಳಿದ್ರು. ಕೋಟೆ ಸುಳ್ಳಿದ್ರ ಇರಲಿ. ಅವ್ವನ ಬಗ್ಗೆ ಬರದದ್ದರ ಖರೇ ಐತಲ್ರಿ? ಬದುಕಿದ್ದಾಗ ಅಪ್ಪ ಆಕಿಗೆ ಒಂದು ಮೆತ್ತನ ಮಾತು ಆಡಿದ್ದು ನಾ ಕೇಳಿಲ್ಲ. ಆ ಒಂದು ಸಾಲು ಓದಿದ ಮ್ಯಾಲೆ ನನಗ ಅಪ್ಪನ ಮ್ಯಾಲಿನ ಸಿಟ್ಟು ಇಳೀತು."

"ಆಯ್ತು, ಓದ್ತೀನಿ" ಅಂದೆ.

ಗಂಡನ ಜೊತೆ ಸಿಡ್ನಿಗೆ ಹೋದೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಹಾಲ್‌ನಲ್ಲಿ ಮೈಕ್ ಮುಂದೆ ನಿಂತು, ನಾನು ಬರೆದದ್ದನ್ನು ಅವರದೆಂದು ಓದಿದೆ. ನಲವತ್ತೊಂದು ವರ್ಷ ಎಂದು ಅಚ್ಚಾದದ್ದನ್ನು ಹಾಗೆಯೇ ಓದಿದೆ. ಎದುರಿನ ಕುರ್ಚಿಯಲ್ಲಿ ಮಾಸ್ತರ ಮಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸತ್ತ ಮೇಲೂ ನನ್ನ ಕೈಯಿಂದಲೇ ಇನ್ನೊಮ್ಮೆ ಕಿತ್ತುಕೊಂಡರಲ್ಲ ಎಂದುಕೊಳ್ಳುತ್ತಲೇ ಓದಿ ಮುಗಿಸಿದೆ.

ಮರಳುವಾಗ ಏರ್‌ಪೋರ್ಟಿನಲ್ಲಿ ಗಂಡ ಹೇಳಿದ, "ಮಾಸ್ತರು ಹೆಂಡತೀನ ಎಷ್ಟು ಹಚ್ಕೊಂಡಿದ್ರು ಅಲ್ವಾ?"

"ಅದು ಅವರು ಬರೆದಿದ್ದಲ್ಲ. ನಾನು ಬರೆದಿದ್ದು. ಅಲ್ಲಿ ಇದ್ದಿದ್ದು ಅವರ ಹೆಂಡತಿ ಅಲ್ಲ, ನಮ್ಮ ಮಗು. ನಲವತ್ತೊಂದು ವರ್ಷ ಅಂತ ಇರಲಿಲ್ಲ, ಹನ್ನೊಂದು ವಾರ ಅಂತ ಇತ್ತು."

ಅವನು ನನ್ನನ್ನೇ ನೋಡಿದ. "ನಂಗ್ಯಾಕೆ ತೋರಿಸ್ಲಿಲ್ಲ?"

"ಮಾತಾಡೋದು ಬೇಡ ಅಂದಿದ್ದೆ ನೀನು."

ನಮ್ಮ ವಿಮಾನದ ಬೋರ್ಡಿಂಗ್ ಶುರುವಾಗಿ ಸಾಲು ಕರಗುತ್ತ ಬಂತು. ನಾವಿಬ್ಬರೂ ಏಳಲಿಲ್ಲ. ಅವನು ನೆಲ ನೋಡುತ್ತ, "ಹನ್ನೊಂದು ವಾರ ಅಲ್ಲ. ಹನ್ನೊಂದು ವಾರ, ಮೂರು ದಿನ" ಅಂದ.

ಮಾಸ್ತರನ್ನು ನಾನು ಕ್ಷಮಿಸಿಲ್ಲ. ಇಷ್ಟನ್ನು ಬರೆಯುವಷ್ಟು ಕನ್ನಡ ನನಗೆ ಕೊಟ್ಟವರು ಅವರೇ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಆ ಸಾಲು ನನ್ನದು.