ಕಥೆ ಬೇಡ, ಹೌದಾ ಇಲ್ವಾ ಹೇಳಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದೆ. ಬೆಳಿಗ್ಗೆ ತಿ. ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿ, ದಾರಿಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದ ಮುಂದೆ ಇಳಿಯುತ್ತಿದ್ದೆ. ಅಲ್ಲಿಗೆ ಹೊಸ ಡಾಕ್ಟರು ಬಂದರು. ಒಳ್ಳೆಯವರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಅಪವಾದ ಬೇಡ. ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೆ ಕುರ್ಚಿಯಲ್ಲಿರುತ್ತಿದ್ದರು. ಯಾರಿಂದಲೂ ಒಂದು ಎಳನೀರನ್ನೂ ಪಡೆದವರಲ್ಲ. ಆದರೆ ಬಾಯಲ್ಲಿ ಸದಾ ಒಂದೇ ಮಾತು: "ಕಥೆ ಬೇಡ. ಹೌದಾ, ಇಲ್ವಾ? ಅಷ್ಟು ಹೇಳಿ."

ಮೊದಮೊದಲು ನಮಗೆ ಖುಷಿಯೇ ಆಯಿತು. ಹಿಂದಿನ ಡಾಕ್ಟರು ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮಾತಿಗೂ "ಆಮೇಲೆ?" ಎನ್ನುತ್ತ ಮಧ್ಯಾಹ್ನ ಮಾಡುತ್ತಿದ್ದರು. ಇವರದು ಅರ್ಧ ಗಂಟೆಗೆ ಮುಗಿಯಿತು. ಲಸಿಕೆ ಹಾಕಿದ್ದಾಯಿತಾ? ಹೌದು. ರಿಪೋರ್ಟ್ ಬರೆದಾಯಿತಾ? ಹೌದು. ಹೆಡತಲೆ ಹಳ್ಳಿಯಲ್ಲಿ ಕಳೆ ಕೀಳುವ ಕಾಲ, ತಾಯಂದಿರು ಮನೆಯಲ್ಲಿ ಸಿಗುತ್ತಿಲ್ಲ ಎಂದು ಹೇಳಲು ನಮ್ಮಲ್ಲೊಬ್ಬಳು ಬಾಯಿ ತೆರೆದಳು. ಡಾಕ್ಟರು ಕೈ ಎತ್ತಿ ತಡೆದರು.

ಆರು ತಿಂಗಳಲ್ಲಿ ಆ ಮಾತು ಇಡೀ ಆಸ್ಪತ್ರೆಗೆ ಅಂಟಿತು. ಔಷಧಿ ಕೊಡುವವರು ನಮಗೆ ಅಂದರು, ನಾವು ಆಯಾಗೆ ಅಂದೆವು, ಆಯಾ ಚೀಟಿಯ ಸಾಲಿನಲ್ಲಿ ನಿಂತವರಿಗೆ ಅಂದಳು. ನನಗಂತೂ ಅದನ್ನು ಅನ್ನುವಾಗ ಎಲ್ಲಿಲ್ಲದ ಠೀವಿ ಬರುತ್ತಿತ್ತು. ಡಾಕ್ಟರಂತೆಯೇ ಪೆನ್ನನ್ನು ಮೇಜಿಗೆ ಕುಟ್ಟುತ್ತಿದ್ದೆ ಕೂಡ. ಈಗ ನೆನೆದರೆ ನನ್ನ ಮೇಲೇ ನನಗೆ ಮೈ ಉರಿಯುತ್ತದೆ.

ಅದು ಬಸುರಿಯರ ತಪಾಸಣೆಯ ದಿನ. ಹದಿನಾರು ಎಂಬ ಹಳ್ಳಿಯಿಂದ ಒಬ್ಬ ಅತ್ತೆ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಸೊಸೆಗೆ ಎಂಟನೇ ತಿಂಗಳು, ಮೊದಲ ಬಸಿರು. ಹುಡುಗಿ ತಲೆ ತಗ್ಗಿಸಿ ಕೂತಳು. ಮಾತೆಲ್ಲ ಅತ್ತೆಯದು.

"ನಾಕ್ ದಿನದಿಂದ ಅನ್ನದ್ ತುಂಬ ಕಲ್ಲು ಕಣವ್ವ. ಮೊದ್ಲು ಒಂದ್ ಕಲ್ಲೂ ಬುಡ್ತಿರ್ನಿಲ್ಲ ಇವ್ಳು. ಈಗ ಮೊರ ಮುಂದಿಕ್ಕಂಡು ಕೂತ್ಕತಾಳೆ..."

"ಕಥೆ ಬೇಡ ಕಣಮ್ಮ," ಎಂದೆ. "ಹೊಟ್ಟೆನೋವಿದೆಯಾ, ಇಲ್ವಾ?"

"ಇಲ್ಲ ಕಣವ್ವ, ಆದ್ರೆ..."

"ನೀರು ಹೋಯ್ತಾ? ರಕ್ತ?"

"ಇಲ್ಲ."

"ಮಗು ಒದೆಯುತ್ತಾ?"

"ಔದು."

ಮುಗಿಯಿತು. ಬಿ.ಪಿ. ನೋಡುವ ಯಂತ್ರ ಡಾಕ್ಟರ ಕೋಣೆಯಲ್ಲಿತ್ತು, ಅನುಮಾನ ಬಂದವರನ್ನಷ್ಟೇ ಒಳಗೆ ಕಳಿಸುತ್ತಿದ್ದೆವು. ನನಗೆ ಯಾವ ಅನುಮಾನವೂ ಬರಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟು, ಕಾರ್ಡಿನಲ್ಲಿ ಬರೆದು ಕಳಿಸಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ಅನ್ನ ಕಲಸುತ್ತಿದ್ದಾಗ ಆ ಅತ್ತೆಯ ಮಾತು ತಿರುಗಿ ಬಂತು. ಒಂದು ಕಲ್ಲೂ ಬಿಡದೆ ಅಕ್ಕಿ ಆರಿಸುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಯಾಕೆ ಬಿಡುತ್ತಾಳೆ? ಅವಳಿಗೆ ಕಲ್ಲು ಕಾಣುತ್ತಿಲ್ಲ. ಎಂಟನೇ ತಿಂಗಳಲ್ಲಿ ಕಣ್ಣು ಮಂಜಾಗಿದೆ ಎಂದರೆ ಬಿ.ಪಿ. ಏರಿರಬಹುದು. ಏರಿದ್ದರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿದ್ದು. ತುತ್ತು ಕೈಯಲ್ಲೇ ಉಳಿಯಿತು.

ಎಂಜಲು ಕೈಯಲ್ಲೇ ಡಾಕ್ಟರ ಕೋಣೆಗೆ ನುಗ್ಗಿ, ಬೆಳಿಗ್ಗೆ ಬಂದಿದ್ದ ಹದಿನಾರಿನ ಬಸುರಿಗೆ ಬಿ.ಪಿ. ಏರಿರಬಹುದು, ಜೀಪು ಬೇಕು ಎಂದೆ.

"ಆ ಹುಡುಗಿಗೆ ಬಿ.ಪಿ. ಇತ್ತಾ, ಇಲ್ವಾ?"

"ನೋಡಲಿಲ್ಲ ಸಾರ್. ಅವರ ಮನೆಯ ಅನ್ನದಲ್ಲಿ ನಾಲ್ಕು ದಿನದಿಂದ..."

"ಕಥೆ ಬೇಡ."

ನಾನು ಅವರೆದುರು ಎಂದೂ ದನಿ ಎತ್ತಿದವಳಲ್ಲ. "ಇದು ಕಥೆಯೇ ಸಾರ್! ಪೂರ್ತಿ ಕೇಳಿ!" ಎಂದು ಕೂಗಿಯೇಬಿಟ್ಟೆ. ಕೇಳಿದರು. ನಾನು ಮುಗಿಸುವ ಮೊದಲೇ ಬಿ.ಪಿ. ಯಂತ್ರ ಅವರ ಕಂಕುಳಲ್ಲಿತ್ತು.

ಹದಿನಾರಿನ ದಾರಿಯುದ್ದಕ್ಕೂ ಎತ್ತಿನ ಗಾಡಿಗಳು ಅಡ್ಡ ಬಂದವು. ಒಂದೊಂದು ಗಾಡಿ ಪಕ್ಕಕ್ಕೆ ಸರಿಯುವವರೆಗೂ ಡಾಕ್ಟರು ಮಂಡಿ ಕುಣಿಸುತ್ತ ಕೂತಿದ್ದರು. ನಾವು ಹೋದಾಗ ಹುಡುಗಿ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಮಲಗಿದ್ದಳು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಎಷ್ಟಿದೆ ಎಂದು ಹೇಳಲಿಲ್ಲ. ಅವರ ಮುಖವೇ ಸಾಕಾಗಿತ್ತು. ಅವಳನ್ನು ಜೀಪಿಗೆ ಹತ್ತಿಸಿ ಮೈಸೂರಿನತ್ತ ಹೊರಟೆವು. ನಂಜನಗೂಡು ದಾಟುವ ಮೊದಲೇ ಫಿಟ್ಸ್ ಬಂತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆ ನನ್ನ ತೋಳು ಹಿಡಿದು "ಏನಾಯ್ತವ್ವ, ಏನಾಯ್ತು ಯೋಳವ್ವ" ಅನ್ನುತ್ತಲೇ ಇದ್ದಳು.

ಹುಡುಗಿ ಉಳಿದಳು. ಮಗು ಉಳಿಯಲಿಲ್ಲ. ಬೆಳಿಗ್ಗೆಯೇ ಕಳಿಸಿದ್ದರೆ ಉಳಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ಸೋಮವಾರ ಅವರು ಪೆನ್ನು ಕೆಳಗಿಟ್ಟು, "ಏನಿದ್ದರೂ ಹೇಳಿ, ನಿಧಾನವಾಗಿ ಹೇಳಿ," ಎಂದರು. ಎಲ್ಲರೂ ನೆಲ ನೋಡುತ್ತ ಕೂತೆವು. ಹೇಳುವುದು ಬೇಕಾದಷ್ಟಿತ್ತು, ಹೇಳುವ ರೂಢಿ ತಪ್ಪಿಹೋಗಿತ್ತು. ಅಂದಿನ ಮೀಟಿಂಗೂ ಅರ್ಧ ಗಂಟೆಗೇ ಮುಗಿಯಿತು.

ಆ ಅತ್ತೆ ಮತ್ತೆ ಬಂದದ್ದು ಐದಾರು ತಿಂಗಳ ಮೇಲೆ, ಕೆಮ್ಮಿಗೆ. ನಾನೇ ಎದ್ದು ಸ್ಟೂಲು ಹಾಕಿ ಕೂರಿಸಿದೆ.

"ಸೊಸೆ ಚೆನ್ನಾಗಿದ್ದಾರಾ ಅಮ್ಮ?"

"ಊಂ."

"ಕಣ್ಣು ಸರಿಯಾಗಿ ಕಾಣುತ್ತಾ?"

"ಔದು."

"ನಿಮಗೆ ಕೆಮ್ಮು ಯಾವಾಗಿನಿಂದ? ಹೇಗೆ ಶುರುವಾಯ್ತು? ಎಲ್ಲ ಹೇಳಿ, ನಾನು ಕೇಳ್ತೀನಿ."

ಅವರು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು. ನಾನು ಅದನ್ನು ಮೇಜಿನ ಮೇಲಿಟ್ಟು ಕಾದೆ.

"ಕೆಮ್ಮು ಅದೆ ಕಣವ್ವ," ಎಂದರು. "ಅಷ್ಟೇಯ."